ಹೆಕ್ಟೇರಿಗೆ 25,000: ಕೋವಿಡ್ ಬೆಳೆ ಪರಿಹಾರ ಹೊಲದಿಂದ ಖಾತೆಗೆ ಬಂದ ದಾರಿ

2020ರ ಯುಗಾದಿ ಬಿದ್ದದ್ದು ಮಾರ್ಚ್ 25ಕ್ಕೆ. ದೇಶವಿಡೀ ಲಾಕ್‌ಡೌನ್ ಶುರುವಾದದ್ದೂ ಅದೇ ದಿನ. ಯುಗಾದಿ, ರಾಮನವಮಿ, ಊರ ಜಾತ್ರೆ, ಬೇಸಿಗೆಯ ಮದುವೆ ಎಂದು ಲೆಕ್ಕ ಹಾಕಿಯೇ ಸೇವಂತಿಗೆ, ಚೆಂಡುಹೂ ನಾಟಿ ಮಾಡಿದವರಿಗೆ ಇದಕ್ಕಿಂತ ಕೆಟ್ಟ ಹೊತ್ತು ಬೇರೆ ಇರಲಿಲ್ಲ. ದೇವಸ್ಥಾನ ಮುಚ್ಚಿತು, ಕಲ್ಯಾಣ ಮಂಟಪ ಮುಚ್ಚಿತು, ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಹೂವಿನ ಗಾಡಿ ಹೋಗುವುದು ನಿಂತಿತು. ಅರಳಿದ ಹೂವನ್ನು ಗಿಡದಲ್ಲೇ ಬಿಟ್ಟರೆ ಮುಂದಿನ ಮೊಗ್ಗು ಸೊರಗುತ್ತದೆ. ಹಾಗಾಗಿ ಕೂಲಿ ಕೊಟ್ಟು ಕೊಯ್ಸಿ ಬದುವಿಗೆ ಸುರಿಯಬೇಕು, ಇಲ್ಲವೇ ಬೆಳೆಯನ್ನೇ ಉತ್ತುಬಿಡಬೇಕು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆ ಅನೇಕರು ಏಪ್ರಿಲ್‌ನಲ್ಲೇ ತೋಟಕ್ಕೆ ರೋಟವೇಟರ್ ಇಳಿಸಿದರು. ಹೀಗೆ ಉತ್ತುಹಾಕಿದ್ದೇ ಮುಂದೆ ಪರಿಹಾರದ ಕಾಗದಪತ್ರದಲ್ಲಿ ದೊಡ್ಡ ತೊಡಕಾಯಿತು. ಹೋಬಳಿ ಮಟ್ಟದಲ್ಲಿ ರೈತರ ಜೊತೆ ಕೂತು ಅರ್ಜಿ ತುಂಬಿಸಿದ, ತಿರಸ್ಕಾರವಾದವನ್ನು ಹಿಂಬಾಲಿಸಿದ ನಾವು ಕಂಡುಕೊಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇವೆ. ಬರ, ನೆರೆ, ಬೆಳೆವಿಮೆಯ ಹಣವೂ ಬಹುಪಾಲು ಇದೇ ದಾರಿಯಲ್ಲಿ ಬರುವುದರಿಂದ ಇದು ಈಗಲೂ ಕೆಲಸಕ್ಕೆ ಬರುವ ಮಾತು.

ಮೊದಲು ಘೋಷಣೆಗಳು. 2020ರ ಮೇ 6ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿದರು. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಹೆಚ್ಚೆಂದರೆ ಒಂದು ಹೆಕ್ಟೇರಿಗೆ, ಎಂಬುದು ಅದರಲ್ಲಿತ್ತು. ಸುಮಾರು ಒಂದು ವಾರದ ನಂತರ ತರಕಾರಿ ಮತ್ತು ಹಣ್ಣಿಗೆ ಹೆಕ್ಟೇರಿಗೆ 15,000 ಎಂದರು, ಮೆಕ್ಕೆಜೋಳ ಬೆಳೆದವರಿಗೆ ತಲಾ 5,000 ಎಂದರು. ಎರಡನೇ ಅಲೆಯಲ್ಲಿ, 2021ರ ಮೇ 19ರಂದು, 1,250 ಕೋಟಿಯ ಇನ್ನೊಂದು ಪ್ಯಾಕೇಜ್ ಬಂತು. ಅದರಲ್ಲಿ ಹೂವು, ಹಣ್ಣು, ತರಕಾರಿ ಎಲ್ಲಕ್ಕೂ ಹೆಕ್ಟೇರಿಗೆ 10,000, ಮಿತಿ ಅದೇ ಒಂದು ಹೆಕ್ಟೇರ್.

ಹೆಕ್ಟೇರ್ ಅನ್ನುವುದು ಕಚೇರಿಯ ಅಳತೆ. ನಮ್ಮವರು ಮಾತಾಡುವುದು ಎಕರೆ, ಗುಂಟೆಯಲ್ಲಿ. ಒಂದು ಹೆಕ್ಟೇರ್ ಅಂದರೆ ಹತ್ತಿರ ಹತ್ತಿರ 2 ಎಕರೆ 19 ಗುಂಟೆ. ಹೂವಿಗೆ ಗುಂಟೆಗೆ ಸುಮಾರು 253 ರೂಪಾಯಿ, ತರಕಾರಿಗೆ 152, ಎರಡನೇ ವರ್ಷದ ದರದಲ್ಲಿ 101 ಎಂದು ನೆನಪಿಟ್ಟುಕೊಂಡರೆ ಸಾಕು. 30 ಗುಂಟೆ ಸೇವಂತಿಗೆ ಇದ್ದವರ ಲೆಕ್ಕ 2020ರಲ್ಲಿ 7,588 ರೂಪಾಯಿಗೆ ಬರುತ್ತದೆ. ಅದೇ 30 ಗುಂಟೆಗೆ 2021ರ ದರದಲ್ಲಿ 3,035. ಮೂರು ಎಕರೆ ಹೂವು ಹಾಕಿದ್ದವರಿಗೂ 25,000ಕ್ಕಿಂತ ಮೇಲೆ ಒಂದು ರೂಪಾಯಿ ಇಲ್ಲ. ಟಿವಿಯಲ್ಲಿ 25,000 ಎಂದು ಕೇಳಿ ಬಂದವರಿಗೆ ಈ ಲೆಕ್ಕವನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಖಾತೆಗೆ ಸರಿಯಾದ ಹಣವೇ ಬಂದಿದ್ದರೂ ಯಾರೋ ಮಧ್ಯದಲ್ಲಿ ತಿಂದರು ಎಂಬ ಅನುಮಾನ ಹುಟ್ಟುತ್ತದೆ. ಹಾಗೆಂದು ಈ ಮೊತ್ತ ಸಾಕಾಗುವಷ್ಟಿತ್ತು ಎಂದು ನಾವು ಹೇಳುತ್ತಿಲ್ಲ. ಸಸಿ, ಗೊಬ್ಬರ, ಔಷಧಿ, ಕೊಯ್ಲಿನ ಕೂಲಿ ಎಲ್ಲ ಸೇರಿಸಿದರೆ ಒಂದು ಎಕರೆ ಸೇವಂತಿಗೆಗೆ ಬೀಳುವ ಖರ್ಚಿನ ಮುಂದೆ ಇದು ತೀರಾ ಸಣ್ಣದು.

ಮೆಕ್ಕೆಜೋಳದ್ದು ಬೇರೆ ರೀತಿ. ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಸುಳ್ಳು ಸುದ್ದಿ ಹಬ್ಬಿ ಕೋಳಿ ಫಾರಂಗಳು ನೆಲಕಚ್ಚಿದವು, ಅವುಗಳ ಆಹಾರಕ್ಕೆ ಹೋಗುತ್ತಿದ್ದ ಮೆಕ್ಕೆಜೋಳದ ದರವೂ ಕುಸಿಯಿತು. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲಿಗೆ 1,760 ರೂಪಾಯಿ, ಮಾರುಕಟ್ಟೆಯಲ್ಲಿ ಸಿಗುತ್ತಿದ್ದುದು ಅದಕ್ಕಿಂತ ಬಹಳ ಕಡಿಮೆ. ದಾವಣಗೆರೆ, ಹಾವೇರಿ ಕಡೆ ಮನೆಯಲ್ಲೇ ಚೀಲ ಪೇರಿಸಿಟ್ಟುಕೊಂಡು ಕೂತಿದ್ದರು. ಇಲ್ಲಿ ಗುಂಟೆಯ ಲೆಕ್ಕ ಇರಲಿಲ್ಲ, ಅರ್ಧ ಎಕರೆಯವನಿಗೂ ಎಂಟು ಎಕರೆಯವನಿಗೂ 5,000. ಸಣ್ಣ ಹಿಡುವಳಿದಾರರಿಗೆ ಈ ಕ್ರಮ ಚೆನ್ನಾಗಿಯೇ ಒದಗಿತು. 2019ರ ಮುಂಗಾರಿನ ಬೆಳೆ ಸಮೀಕ್ಷೆಯಲ್ಲಿ ಮೆಕ್ಕೆಜೋಳ ಎಂದು ದಾಖಲಾಗಿದ್ದರೆ ಹೆಸರು ಪಟ್ಟಿಯಲ್ಲಿ ಬರುತ್ತಿತ್ತು, ಹೆಚ್ಚಿನವರಿಗೆ ಅಲೆದಾಟ ಇರಲಿಲ್ಲ.

ಬೆಳೆ ಸಮೀಕ್ಷೆ ಎಂಬ ಈ ಹೆಸರನ್ನು 2020ಕ್ಕೆ ಮೊದಲು ಬಹಳ ರೈತರು ಕಿವಿಗೇ ಹಾಕಿಕೊಂಡಿರಲಿಲ್ಲ. ಊರಿನ ಯಾರೋ ಒಬ್ಬ ಹುಡುಗ ಮೊಬೈಲ್ ಹಿಡಿದು ಹೊಲದಲ್ಲಿ ಓಡಾಡಿ ಫೋಟೊ ತೆಗೆದುಕೊಂಡು ಹೋಗುತ್ತಿದ್ದ, ಅಷ್ಟೇ. ಆ ಹುಡುಗ ಆ್ಯಪ್‌ನಲ್ಲಿ ಸರ್ವೆ ನಂಬರ್ ಆರಿಸಿ, ಬೆಳೆಯ ಹೆಸರು, ಎಷ್ಟು ಗುಂಟೆಯಲ್ಲಿದೆ, ನೀರಾವರಿಯೋ ಮಳೆಯಾಶ್ರಿತವೋ ಎಂದು ಒತ್ತಿ ಕಳಿಸಿದ್ದೇ ಸರ್ಕಾರದ ಪಾಲಿಗೆ ನಿಮ್ಮ ಬೆಳೆ. ಮುಂಗಾರು, ಹಿಂಗಾರು, ಬೇಸಿಗೆ ಎಂದು ಹಂಗಾಮಿಗೊಮ್ಮೆ ಇದು ನಡೆಯುತ್ತದೆ. ರಾಗಿ, ತೊಗರಿ, ಮಾವು, ತೆಂಗಿನಂಥ ಬೆಳೆಗೆ ಇದು ಸಾಕು. ಆದರೆ ಚೆಂಡುಹೂ ನಾಟಿ ಮಾಡಿದ ಎರಡು ತಿಂಗಳೊಳಗೆ ಹೂ ಬಿಟ್ಟು, ಇನ್ನೆರಡು ತಿಂಗಳಲ್ಲಿ ಮುಗಿದುಹೋಗುತ್ತದೆ. ಡಿಸೆಂಬರ್ ಕೊನೆಯಲ್ಲಿ ನಾಟಿ ಮಾಡಿದ್ದು ಹಿಂಗಾರಿನ ಸಮೀಕ್ಷೆ ಬಂದಾಗ ಬರೀ ಸಸಿ. ಬೇಸಿಗೆ ಸಮೀಕ್ಷೆ ಬರುವಷ್ಟರಲ್ಲಿ ಉತ್ತ ನೆಲ. ಎರಡು ಸುತ್ತಿನ ನಡುವೆ ಬಿದ್ದ ಇಂಥ ಬೆಳೆ ದಾಖಲೆಯಲ್ಲಿ ಹುಟ್ಟಲೂ ಇಲ್ಲ, ಸಾಯಲೂ ಇಲ್ಲ. ಕನಕಾಂಬರ, ಮಲ್ಲಿಗೆ, ಗುಲಾಬಿಯಂಥ ವರ್ಷಗಟ್ಟಲೆ ನಿಲ್ಲುವ ಹೂವಿನವರಿಗೆ ಸುಲಭವಾಗಿ ಬಂದದ್ದಕ್ಕೂ, ಸೇವಂತಿಗೆ, ಚೆಂಡುಹೂವಿನವರು ಅಲೆದದ್ದಕ್ಕೂ ಇದೇ ಮುಖ್ಯ ಕಾರಣ.

ಇನ್ನೊಂದು ತಪ್ಪು ಮಿಶ್ರ ಬೆಳೆಯದು. ಎಳೆ ಮಾವಿನ ಸಾಲಿನ ನಡುವೆ ಟೊಮೆಟೊ, ತೆಂಗಿನ ಕೆಳಗೆ ಬಾಳೆ ಇದ್ದರೆ ಸಮೀಕ್ಷೆ ಮಾಡುವವರು ಕಣ್ಣಿಗೆ ದೊಡ್ಡದಾಗಿ ಕಂಡ ಮರವನ್ನು ಮಾತ್ರ ಬರೆದುಬಿಡುತ್ತಾರೆ. ಒಂದು ಪಹಣಿಯಲ್ಲಿ (ಜಮೀನು ಯಾರದು, ಅದರಲ್ಲಿ ಯಾವ ಬೆಳೆ ಎಂದು ಹೇಳುವ ಕಂದಾಯ ದಾಖಲೆ) 1 ಎಕರೆ 10 ಗುಂಟೆಗೂ ಮಾವು ಎಂದೇ ದಾಖಲಾಗಿತ್ತು. ಹೊಲದಲ್ಲಿ ಮಾವಿನ ಗಿಡ ಮೊಣಕಾಲೆತ್ತರ, ನಡುವೆ ಊರುಗೋಲು ಕಟ್ಟಿ ಬೆಳೆಸಿದ ಟೊಮೆಟೊ. ಪರಿಹಾರ ಪಟ್ಟಿ ಮಾಡಿದ ಬೆಳೆಗಳಿಗೆ ಮಾತ್ರವಾದ್ದರಿಂದ, ದಾಖಲೆಯಲ್ಲಿ ಟೊಮೆಟೊ ಇಲ್ಲದಿದ್ದರೆ ಟೊಮೆಟೊ ನಷ್ಟವೂ ಇಲ್ಲ.

ಪಟ್ಟಿಯಲ್ಲಿ ಹೆಸರು ಇಲ್ಲದವರು ತೋಟಗಾರಿಕೆ ಇಲಾಖೆಗೆ ಅರ್ಜಿ ಕೊಡಬೇಕಾಗಿತ್ತು. ಪಹಣಿ, ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿ, ಬೆಳೆಯ ಬಗ್ಗೆ ಸ್ವಂತ ಹೇಳಿಕೆ, ಇಷ್ಟನ್ನು ಎಲ್ಲರೂ ತರುತ್ತಿದ್ದರು. ತೂಕ ಇದ್ದದ್ದು ಇದರ ಹಿಂದೆ ಲಗತ್ತಿಸಿದ ಕಾಗದಗಳಿಗೆ. ಹೊಲ ನೋಡಲು ಬಂದ ಅಧಿಕಾರಿಗೆ ಕಾಣುವುದು ಉತ್ತ ಮಣ್ಣು ಮಾತ್ರ. ಅಲ್ಲಿ ಸೇವಂತಿಗೆ ಇತ್ತು ಎಂದು ಅವರು ಯಾವ ಧೈರ್ಯದ ಮೇಲೆ ಸಹಿ ಹಾಕಬೇಕು? ನರ್ಸರಿಯಿಂದ ಸಸಿ ತಂದ ಬಿಲ್ಲು, ಫೆಬ್ರುವರಿಯಲ್ಲಿ ಮೊದಲ ಕೊಯ್ಲು ಮಾರಿದಾಗ ಮಂಡಿಯವರು ಬರೆದುಕೊಟ್ಟ ಪಟ್ಟಿ, ಹನಿ ನೀರಾವರಿ ಸಹಾಯಧನದ ಕಡತದಲ್ಲಿರುವ ಬೆಳೆಯ ಹೆಸರು, ಮೊಬೈಲ್‌ನಲ್ಲಿ ತಾರೀಖು ಸಮೇತ ಉಳಿದ ಫೋಟೊ: ಇವುಗಳಲ್ಲಿ ಯಾವುದಾದರೂ ಎರಡು ಇದ್ದವರ ಅರ್ಜಿ ಮುಂದೆ ಹೋಯಿತು. ಏನೂ ಇಲ್ಲದವರಿಗೆ ಅಕ್ಕಪಕ್ಕದ ಹೊಲದವರ ಸಹಿಯೊಂದಿಗೆ ಮಹಜರು (ಸ್ಥಳದಲ್ಲೇ ಬರೆಯುವ ಸಾಕ್ಷಿ ವರದಿ) ಮಾಡಿಸಿಕೊಳ್ಳುವುದೊಂದೇ ದಾರಿ, ಅದು ಅಧಿಕಾರಿಯ ಮನಸ್ಸನ್ನು ಅವಲಂಬಿಸಿತ್ತು. ಹಾಗಾಗಿ ಬೆಳೆ ಉಳುವ ಮುಂಚೆ ಹೊಲದ ನಾಲ್ಕು ಮೂಲೆಯಿಂದ ಫೋಟೊ ತೆಗೆಯಿರಿ, ಒಂದರಲ್ಲಾದರೂ ಬೋರ್‌ವೆಲ್ ಶೆಡ್ಡೋ ಬಂಡೆಯೋ ಯಾವುದಾದರೂ ಕದಲದ ಗುರುತು ಬರಲಿ. ಮೊಬೈಲ್ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಆಗಿರಲಿ. ಸಸಿಯ ಬಿಲ್ಲನ್ನು ಸಾಲ ತೀರಿತೆಂದು ಹರಿಯಬೇಡಿ.

ಬೆಳೆ ದಾಖಲಾದರೆ ಸಾಲದು, ಆ ಸರ್ವೆ ನಂಬರು ನಿಮ್ಮದು ಎಂದು ಕಂಪ್ಯೂಟರಿಗೆ ಗೊತ್ತಾಗಬೇಕು. ಅದಕ್ಕೆ ಫ್ರೂಟ್ಸ್ ತಂತ್ರಾಂಶ. ಅದರಲ್ಲಿ ನೋಂದಾಯಿಸಿದ ರೈತರಿಗೆ ಎಫ್‌ಐಡಿ ಎಂಬ ಗುರುತಿನ ಸಂಖ್ಯೆ ಬರುತ್ತದೆ. ಆಧಾರ್, ಜಮೀನು, ಬ್ಯಾಂಕ್ ಖಾತೆ ಮೂರೂ ಆ ಸಂಖ್ಯೆಗೆ ಸೇರಿಕೊಳ್ಳುತ್ತವೆ. ರೈತ ಸಂಪರ್ಕ ಕೇಂದ್ರ, ತೋಟಗಾರಿಕೆ, ರೇಷ್ಮೆ, ಪಶುಸಂಗೋಪನೆ, ಇದರಲ್ಲಿ ಯಾವ ಇಲಾಖೆಯ ಕಚೇರಿಯಲ್ಲಾದರೂ ಮಾಡಿಸಬಹುದು. ಬಹುತೇಕರು ಪಿಎಂ ಕಿಸಾನ್ ಹೊತ್ತಿನಲ್ಲೇ ಎಫ್‌ಐಡಿ ಮಾಡಿಸಿದ್ದರು. ತೊಂದರೆ ಏನೆಂದರೆ, ಪಿಎಂ ಕಿಸಾನ್‌ಗೆ ಯಾವುದಾದರೂ ಒಂದು ಜಮೀನು ಸಾಕು ಎಂದು ಊರ ಪಕ್ಕದ ಒಂದು ಪಹಣಿ ಕೊಟ್ಟು ಬಂದಿದ್ದರು. ಹೂವಿದ್ದದ್ದು ಪಕ್ಕದ ಗ್ರಾಮದ ಎಲ್ಲೆಯಲ್ಲಿರುವ ಇನ್ನೊಂದು ಸರ್ವೆ ನಂಬರಿನಲ್ಲಿ. ಸಮೀಕ್ಷೆಯಲ್ಲಿ ಹೂವಿದೆ, ರೈತರಿಗೆ ಎಫ್‌ಐಡಿ ಇದೆ, ಆದರೂ ಹಣವಿಲ್ಲ, ಏಕೆಂದರೆ ಆ ಎರಡಕ್ಕೂ ಕೊಂಡಿ ಇಲ್ಲ. ಇದು ಸರಿಪಡಿಸಲು ಅತಿ ಸುಲಭವಾದ ದೋಷ: ಎಲ್ಲ ಪಹಣಿಯ ಪ್ರತಿ, ಆಧಾರ್ ಹಿಡಿದು ಹೋಗಿ ಬಿಟ್ಟುಹೋದ ಸರ್ವೆ ನಂಬರುಗಳನ್ನು ಸೇರಿಸಿಸಬೇಕು. ಸೇರಿಸಿದ ಮೇಲೆ ಒಂದು ಪ್ರಿಂಟ್ ಕೇಳಿ ಪಡೆದು, ಗ್ರಾಮ, ಸರ್ವೆ ನಂಬರ್, ಹಿಸ್ಸಾ (ಸರ್ವೆ ನಂಬರಿನೊಳಗಿನ ಭಾಗದ ಸಂಖ್ಯೆ), ಗುಂಟೆ ನಾಲ್ಕನ್ನೂ ಪಹಣಿಯ ಪಕ್ಕ ಇಟ್ಟು ನೋಡಿ. ಹಿಸ್ಸಾ ನಂಬರಿನಲ್ಲಿ 2ರ ಬದಲು 2ಎ ಇದ್ದರೂ ಅದು ಬೇರೆಯವರ ಜಮೀನು.

ಹೆಸರಿನ ಹೊಂದಾಣಿಕೆಯೂ ಇಲ್ಲೇ ಬರುತ್ತದೆ. ಪಹಣಿಯಲ್ಲಿ ಅಪ್ಪನ ಹೆಸರಿನೊಂದಿಗೆ ‘ಬಿನ್’ ಎಂದೋ ಗಂಡನ ಹೆಸರಿನೊಂದಿಗೆ ‘ಕೋಂ’ ಎಂದೋ ಪೂರ್ತಿ ಇರುತ್ತದೆ, ಆಧಾರ್‌ನಲ್ಲಿ ಒಂದಕ್ಷರದ ಇನಿಷಿಯಲ್ ಇರುತ್ತದೆ. ಅಷ್ಟು ವ್ಯತ್ಯಾಸವನ್ನು ಅಧಿಕಾರಿ ಪರಿಶೀಲಿಸಿ ಒಪ್ಪಬಹುದು. ಮನೆಯಲ್ಲಿ ಕರೆಯುವ ಹೆಸರು ಪಹಣಿಯಲ್ಲಿ, ಶಾಲೆಯ ಹೆಸರು ಆಧಾರ್‌ನಲ್ಲಿ ಇದ್ದರೆ ಮಾತ್ರ ಪಹಣಿ ತಿದ್ದುಪಡಿಗೆ ಹೋಗಲೇಬೇಕು.

ಇದಕ್ಕಿಂತ ಕಷ್ಟದ್ದು ಸತ್ತವರ ಹೆಸರಿನ ಪಹಣಿ. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷವಾದರೂ ಮಾಲೀಕರ ಹೆಸರು ಬರೆಯುವ 9ನೇ ಕಾಲಂನಲ್ಲಿ ಅವರೇ ಇದ್ದಾರೆ, ಮಕ್ಕಳು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡು ಉಳುತ್ತಿದ್ದಾರೆ. ಸತ್ತವರಿಗೆ ಎಫ್‌ಐಡಿ ಆಗುವುದಿಲ್ಲ, ಉಳುವವರ ಹೆಸರಿಗೆ ಜಮೀನಿಲ್ಲ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ ತೆಗೆದುಕೊಂಡು ಪೌತಿ ಖಾತೆಗೆ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕಬೇಕು. ಅದರಲ್ಲಿ ಎಲ್ಲ ವಾರಸುದಾರರ ಹೆಸರೂ ಜಂಟಿಯಾಗಿ ಬರುತ್ತದೆ, ಹೆಣ್ಣುಮಕ್ಕಳದ್ದೂ. ಅಕ್ಕತಂಗಿಯರ ಹೆಸರು ಬರುತ್ತದೆಂದೇ ಪೌತಿ ಮಾಡಿಸದೆ ಕೂತ ಮನೆಗಳು ಬೇಕಾದಷ್ಟಿವೆ. ಅವರ ಹಕ್ಕನ್ನು ತಡೆಯಲು ಹೋಗಿ ಬರ ಪರಿಹಾರ, ಬೆಳೆವಿಮೆ, ಬೆಳೆಸಾಲ ಎಲ್ಲವನ್ನೂ ಕಳೆದುಕೊಳ್ಳುತ್ತಿದ್ದಾರೆ. ಪೌತಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಪರಿಹಾರ ಘೋಷಣೆಯಾದ ಮೇಲೆ ಶುರು ಮಾಡಿದ ಪೌತಿ ಆ ಸಲದ ಹಣಕ್ಕೆ ಸಾಮಾನ್ಯವಾಗಿ ಒದಗುವುದಿಲ್ಲ.

ಜಂಟಿ ಪಹಣಿಯಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಎಫ್‌ಐಡಿ ಇರಬೇಕು, ಪ್ರತಿಯೊಬ್ಬರ ಪಾಲಿನ ವಿಸ್ತೀರ್ಣ ಅದರಲ್ಲಿ ಕಾಣಬೇಕು. ನಾಲ್ವರಲ್ಲಿ ಒಬ್ಬರು ಊರು ಬಿಟ್ಟು ಹೋಗಿ ನೋಂದಣಿಯೇ ಮಾಡಿಸದಿದ್ದರೆ ಅವರ ಪಾಲಿನ ಗುಂಟೆಯ ಹಣ ನಿಂತುಹೋಗುತ್ತದೆ, ಬೆಳೆ ಬೆಳೆದದ್ದು ಉಳಿದ ಮೂವರೇ ಆಗಿದ್ದರೂ. ಪೋಡಿ ಮಾಡಿಸಿ, ಅಂದರೆ ಜಮೀನು ಅಳೆಸಿ, ಹಿಸ್ಸಾ ಬೇರೆ ಮಾಡಿಕೊಂಡವರಿಗೆ ಈ ಗೋಜಿಲ್ಲ.

ಇನ್ನು ಗುತ್ತಿಗೆಯವರು. ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಇವರ ವಿಷಯ. ಬೆಂಗಳೂರಿನ ಸುತ್ತಲಿನ ಜಿಲ್ಲೆಗಳಲ್ಲಿ ಹೂವು, ತರಕಾರಿ ಬೆಳೆಯುವವರಲ್ಲಿ ಎಷ್ಟೋ ಜನ ಬೇರೆಯವರ ಜಮೀನನ್ನು ವರ್ಷಕ್ಕಿಷ್ಟು ಎಂದು ಹಿಡಿದು, ಅಥವಾ ಕೋರಿಗೆ (ಬೆಳೆಯಲ್ಲಿ ಪಾಲು ಕೊಡುವ ಮಾತಿಗೆ) ಮಾಡಿ, ತಮ್ಮ ಕೈಯಿಂದ ಬಂಡವಾಳ ಹಾಕಿದವರು. ಸಸಿಯ ಸಾಲ, ಔಷಧಿ ಅಂಗಡಿಯ ಸಾಲ, ಬಡ್ಡಿ ಎಲ್ಲ ಅವರ ತಲೆಯ ಮೇಲೆ. ಪರಿಹಾರ ಬಂದದ್ದು 9ನೇ ಕಾಲಂನಲ್ಲಿ ಹೆಸರಿರುವ ಮಾಲೀಕರಿಗೆ. ಇದು ಯಾವುದೋ ಒಬ್ಬ ಗುಮಾಸ್ತನ ತಪ್ಪಲ್ಲ. ಕರ್ನಾಟಕದ ಭೂ ಸುಧಾರಣಾ ಕಾಯ್ದೆಗೆ 1974ರಲ್ಲಿ ಬಂದ ತಿದ್ದುಪಡಿ, ಸೈನಿಕರಂಥ ಕೆಲವರನ್ನು ಬಿಟ್ಟು, ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿತು. ಗೇಣಿದಾರರಿಗೆ ಭೂಮಿ ಕೊಡಿಸಿದ ಆ ಕಾಯ್ದೆ ಅಂದು ಲಕ್ಷಾಂತರ ಮನೆಗಳನ್ನು ಉಳಿಸಿತು. ಇಂದು ಗುತ್ತಿಗೆ ನಡೆಯುತ್ತಲೇ ಇದೆ, ಆದರೆ ಕಾನೂನಿನ ಕಣ್ಣಿಗೆ ಅದು ಇಲ್ಲ. ಕಾಗದ ಬರೆದುಕೊಟ್ಟರೆ ಜಮೀನೇ ಹೋದೀತು ಎಂಬ ಹಳೆಯ ಭಯದಿಂದ ಮಾಲೀಕರು ‘ಇವರು ಈ ವರ್ಷ ಇಲ್ಲಿ ಬೆಳೆ ಇಟ್ಟಿದ್ದಾರೆ’ ಎಂಬ ಒಂದು ಸಾಲನ್ನೂ ಬರೆದುಕೊಡುವುದಿಲ್ಲ.

ಕೆಲವು ಮಾಲೀಕರು ಬಂದ ಹಣವನ್ನು ಹಾಗೇ ತೆಗೆದು ಬೆಳೆದವರ ಕೈಗೆ ಕೊಟ್ಟರು. ಕೆಲವರು ಅರ್ಧ ಕೊಟ್ಟರು. ಹಣ ಬಂದದ್ದನ್ನು ಹೇಳದೆ ಇದ್ದವರೂ ಇದ್ದರು. ಗಡಿಯಾಚೆ ಆಂಧ್ರದಲ್ಲಿ 2019ರ ಕಾಯ್ದೆಯಡಿ ಸಾಗುವಳಿದಾರರಿಗೆ 11 ತಿಂಗಳ ಅವಧಿಯ ಕಾರ್ಡ್ ಕೊಡುತ್ತಾರೆ. ಜಮೀನಿನ ಹಕ್ಕು ಮಾಲೀಕರದ್ದೇ, ಬೆಳೆಯ ಮೇಲಿನ ಸಾಲ, ಪರಿಹಾರ ಬೆಳೆದವರಿಗೆ ಎಂಬುದು ಅದರ ತಿರುಳು. ಅಲ್ಲೂ ಮಾಲೀಕರ ಒಪ್ಪಿಗೆ ಬೇಕಾದ್ದರಿಂದ ಎಲ್ಲರಿಗೂ ಕಾರ್ಡ್ ಸಿಗುತ್ತಿಲ್ಲ. ಆದರೂ ಕೇಳಲು ಒಂದು ಬಾಗಿಲಾದರೂ ಇದೆ. ನಮ್ಮಲ್ಲಿ ಅದೂ ಇಲ್ಲ, ಇದು ಆಗಲೇಬೇಕಾದ ಕೆಲಸ. ಸದ್ಯಕ್ಕೆ ಮಾಡಬಹುದಾದ್ದು ಇಷ್ಟೇ: ಜಮೀನು ಹಿಡಿಯುವಾಗಲೇ, ಮುಂಗಡ ಕೊಡುವ ಹೊತ್ತಿಗೆ, ಸರ್ಕಾರದಿಂದ ಬೆಳೆಗೆ ಏನಾದರೂ ಬಂದರೆ ಯಾರಿಗೆ ಎಷ್ಟು ಎಂದು ಊರಿನ ಇಬ್ಬರು ಹಿರಿಯರ ಮುಂದೆ ಮಾತಾಡಿಕೊಳ್ಳುವುದು. ಬೆಳೆ ಹೋದ ಮೇಲೆ ಆ ಮಾತು ಎತ್ತಿದರೆ ಜಗಳವಾಗುತ್ತದೆ. ಸರ್ಕಾರಿ ಜಮೀನನ್ನು ಮಂಜೂರಾತಿ ಇಲ್ಲದೆ ಉಳುತ್ತಿರುವ ಬಗರ್ ಹುಕುಂ ಸಾಗುವಳಿದಾರರ ಸ್ಥಿತಿಯೂ ಹೀಗೇ. ಅರ್ಜಿ ಹಾಕಿ ಕಾದು ಕೂತಿದ್ದರೂ ಪಹಣಿ ಅವರ ಹೆಸರಿಗೆ ಬಾರದ ತನಕ ಪರಿಹಾರ ಇಲ್ಲ.

ಕೊನೆಯ ಹಂತ ಬ್ಯಾಂಕು. ಇಲ್ಲಿ ಜನ ತಪ್ಪಾಗಿ ತಿಳಿದದ್ದು ಏನೆಂದರೆ, ಅರ್ಜಿಯ ಜೊತೆ ಯಾವ ಪಾಸ್‌ಬುಕ್ ಕೊಟ್ಟೆವೋ ಆ ಖಾತೆಗೇ ಹಣ ಬರುತ್ತದೆ ಎಂದು. ಆಧಾರ್ ಮೂಲಕ ಹೋಗುವ ಹಣಕ್ಕೆ ಖಾತೆ ಸಂಖ್ಯೆಯೂ ಬೇಡ, ಐಎಫ್‌ಎಸ್‌ಸಿಯೂ ಬೇಡ. ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ದಾಖಲೆ ಹೇಳುತ್ತದೆಯೋ ಅಲ್ಲಿಗೆ ಹಣ ಹೋಗುತ್ತದೆ. ಒಂದು ಆಧಾರ್‌ಗೆ ಆ ದಾಖಲೆಯಲ್ಲಿ ಒಂದೇ ಬ್ಯಾಂಕು, ಕೊನೆಯದಾಗಿ ಜೋಡಿಸಿದ್ದು. ಸಿಮ್ ಕೊಳ್ಳುವಾಗ ಬೆರಳೊತ್ತಿ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆ, ಸ್ವಸಹಾಯ ಸಂಘದ ಸಾಲಕ್ಕೆಂದು ತೆರೆದ ಖಾತೆ, ಎಂದೋ ಮಾಡಿಸಿ ಮರೆತ ಜನಧನ್ ಖಾತೆ, ಇವಕ್ಕೆ ಹೋಗಿ ಬಿದ್ದ ಪರಿಹಾರವನ್ನು ಹುಡುಕಿ ತೆಗೆದದ್ದು ಕಡಿಮೆಯಿಲ್ಲ. ‘ಹಣ ಬಂದಿಲ್ಲ’ ಎಂದು ಬಂದವರಲ್ಲಿ ಒಂದಷ್ಟು ಜನಕ್ಕೆ ಹಣ ಬಂದೇ ಇತ್ತು, ಅವರು ನೋಡದ ಖಾತೆಗೆ.

ಆಧಾರ್ ಜೋಡಣೆ ಎಂದು ಬ್ಯಾಂಕಿನವರು ಹೇಳುವುದರಲ್ಲಿ ಎರಡು ಬಗೆ ಇದೆ. ಗುರುತಿನ ದಾಖಲೆಯಾಗಿ ಖಾತೆಗೆ ಆಧಾರ್ ಸಂಖ್ಯೆ ಸೇರಿಸುವುದು ಒಂದು, ಎನ್‌ಪಿಸಿಐನಲ್ಲಿ ಜೋಡಿಸುವುದು ಇನ್ನೊಂದು. ಕೌಂಟರಿನಲ್ಲಿ ‘ಆಧಾರ್ ಲಿಂಕ್ ಆಗಿದೆ’ ಎಂದರೆ ಮೊದಲನೆಯದು ಮಾತ್ರ ಆಗಿರಬಹುದು. ಸರ್ಕಾರದ ಹಣಕ್ಕಾಗಿ ಎನ್‌ಪಿಸಿಐ ಸೀಡಿಂಗ್ ಬೇಕು ಎಂದು ಬಾಯಿಬಿಟ್ಟು ಕೇಳಿ, ಒಪ್ಪಿಗೆಯ ನಮೂನೆಗೆ ಸಹಿ ಹಾಕಿ ಕೊಡಬೇಕು. ಮೊದಲೇ ಬೇರೆ ಬ್ಯಾಂಕಿಗೆ ಜೋಡಣೆಯಾಗಿದ್ದರೆ ಅದನ್ನು ಇಲ್ಲಿಗೆ ಬದಲಿಸಿ ಎಂಬ ಆಯ್ಕೆಗೂ ಅದೇ ನಮೂನೆಯಲ್ಲಿ ಗುರುತು ಹಾಕಬೇಕು. ಆ ಗುರುತು ಬಿಟ್ಟರೆ ಹಳೆಯದೇ ಉಳಿಯುತ್ತದೆ. ಎಲ್ಲಿಗೆ ಜೋಡಣೆಯಾಗಿದೆ ಎಂದು ಆಧಾರ್ ಜಾಲತಾಣದಲ್ಲಿ ಓಟಿಪಿ ಹಾಕಿ ನೋಡಬಹುದು. ಸಾದಾ ಮೊಬೈಲಿನಲ್ಲಿ *99*99*1# ಒತ್ತಿಯೂ ತಿಳಿಯಬಹುದು.

ಜೋಡಣೆ ಸರಿಯಿದ್ದೂ ಹಣ ವಾಪಸ್ ಹೋಗುವುದುಂಟು. ಎರಡು ವರ್ಷ ವ್ಯವಹಾರವೇ ಇಲ್ಲದ ಖಾತೆ ನಿಷ್ಕ್ರಿಯವಾಗಿರುತ್ತದೆ, ಕೆವೈಸಿ (ಬ್ಯಾಂಕಿಗೆ ಕೊಟ್ಟ ಗುರುತು, ವಿಳಾಸದ ದಾಖಲೆ) ಹಳೆಯದಾಗಿರುತ್ತದೆ. ಪೂರ್ತಿ ದಾಖಲೆ ಕೊಡದೆ ತೆರೆದ ಸಣ್ಣ ಖಾತೆಗೆ 50,000 ರೂಪಾಯಿಯ ಮಿತಿ ಇರುತ್ತದೆ. ಒಂದು ನೂರು ರೂಪಾಯಿ ಕಟ್ಟಿ, ತೆಗೆದು, ಕೆವೈಸಿ ಹೊಸದಾಗಿಸಿದರೆ ಇದರಲ್ಲಿ ಮುಕ್ಕಾಲು ಸಮಸ್ಯೆ ಬಗೆಹರಿಯುತ್ತದೆ. ವಾಪಸ್ ಹೋದ ಹಣ ತಾನಾಗಿ ಮತ್ತೆ ಬರುತ್ತದೆಂದು ಕೂರಬಾರದು. ಖಾತೆ ಸರಿಯಾಗಿದೆ ಎಂದು ಇಲಾಖೆಗೆ ಬರೆದು ತಿಳಿಸಿದರೆ ಮುಂದಿನ ಕಂತಿನಲ್ಲಿ ಸೇರಿಸುತ್ತಾರೆ. ಇನ್ನೊಂದು ಗೊಂದಲ 2020ರ ಏಪ್ರಿಲ್‌ನಲ್ಲಿ ಬಂದ 2,000 ರೂಪಾಯಿಯದು. ಅದು ಪಿಎಂ ಕಿಸಾನ್‌ನ ಮಾಮೂಲಿ ಕಂತು, ಬೇಗ ಹಾಕಿದ್ದರು, ಬೆಳೆ ಪರಿಹಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಅದನ್ನೇ ಪರಿಹಾರವೆಂದು ತಿಳಿದು ಅರ್ಜಿ ಹಾಕದೆ ಬಿಟ್ಟವರಿದ್ದರು.

2021ರ ಹೊತ್ತಿಗೆ ಒಂದು ಒಳ್ಳೆಯ ಬದಲಾವಣೆ ಆಗಿತ್ತು. 2020ರ ಮುಂಗಾರಿನಿಂದ ರೈತರು ತಾವೇ ಆ್ಯಪ್‌ನಲ್ಲಿ ತಮ್ಮ ಬೆಳೆ ದಾಖಲಿಸುವ ಅವಕಾಶ ಬಂತು. ಹೊಲದೊಳಗೆ ನಿಂತರೆ ಮಾತ್ರ ಆ್ಯಪ್ ಫೋಟೊ ತೆಗೆದುಕೊಳ್ಳುತ್ತದೆ. ಜಿಪಿಎಸ್ ಗಡಿಯಿಂದ ಆಚೆ ತೋರಿಸಿದರೆ ಬದುವಿನಿಂದ ಹತ್ತಾರು ಹೆಜ್ಜೆ ಒಳಗೆ ಬಂದು ಸ್ವಲ್ಪ ಹೊತ್ತು ನಿಲ್ಲಬೇಕು. ಮೋಡ ಕವಿದ ದಿನ, ದಟ್ಟ ಮರದ ಕೆಳಗೆ ಇದು ಸತಾಯಿಸುತ್ತದೆ. ಹೀಗೆ ದಾಖಲಿಸಿದವರ ಹೆಸರು ಎರಡನೇ ಸಲ ಹೆಚ್ಚು ತಕರಾರಿಲ್ಲದೆ ಬಂತು.

ಈಗ ಯಾರ ಹೊಲಕ್ಕಾದರೂ ಸಮೀಕ್ಷೆಯವರು ಬಂದರೆ ಜೊತೆಗೆ ನಿಂತು, ಪರದೆಯ ಮೇಲೆ ಬೆಳೆಯ ಹೆಸರು, ಗುಂಟೆ ಓದಿಸಿ ಕೇಳಿ. ಮಿಶ್ರ ಬೆಳೆಯಿದ್ದರೆ ಎರಡನ್ನೂ ಬೇರೆ ಬೇರೆ ಗುಂಟೆ ಹಾಕಿ ಬರೆಸಿ. ಅದು ಮುಗಿದ ಕೆಲವು ದಿನಕ್ಕೆ ಬೆಳೆ ದರ್ಶಕ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿದರೆ ಏನು ದಾಖಲಾಗಿದೆ ಎಂದು ಫೋಟೊ ಸಮೇತ ಕಾಣುತ್ತದೆ. ತಪ್ಪಿದ್ದರೆ ಆಕ್ಷೇಪಣೆ ಅಲ್ಲೇ ಹಾಕಬಹುದು. ಬೆಳೆ ಹೊಲದಲ್ಲಿ ನಿಂತಿರುವಾಗಲೇ ಹಾಕಿ, ಕೊಯ್ಲಾದ ಮೇಲೆ ಪರಿಶೀಲನೆಗೆ ಬಂದವರಿಗೆ ನೋಡಲು ಏನೂ ಇರುವುದಿಲ್ಲ.